ಹ್ಯಾವ್‌ಲಾಕ್‌ನಲ್ಲಿ ಇನ್ನು ಮೂರು ದಿನ: ಕೊನೆಯ ರಾತ್ರಿ ಇಲ್ಲೋ, ಪೋರ್ಟ್ ಬ್ಲೇರ್‌ನಲ್ಲೋ?

ತಿಪಟೂರು_ತೆಂಗು:
ನಮಸ್ಕಾರ. ಅಂಚೆ ಕಚೇರಿ ಕೌಂಟರಿನಿಂದ ನಿವೃತ್ತಳಾದ ಮೇಲೆ ಇದು ನನ್ನ ಮೊದಲ ದೊಡ್ಡ ಪ್ರವಾಸ. ನಾನು, ನಮ್ಮನೆಯವರು, ತಂಗಿ ಮಗ. ಅಂಡಮಾನಿಗೆ ಬಂದು ಇವತ್ತಿಗೆ ಹದಿನೈದು ದಿನ. ದಿಗ್ಲಿಪುರದವರೆಗೂ ಬಸ್ಸಲ್ಲಿ ಹೋಗಿಬಂದು, ನೀಲ್ ದ್ವೀಪ ಮುಗಿಸಿ, ಈಗ ಹ್ಯಾವ್‌ಲಾಕ್‌ನಲ್ಲಿ ಐದನೇ ನಂಬರ್ ಬೀಚಿನ ಒಂದು ರೆಸಾರ್ಟಲ್ಲಿದ್ದೇವೆ. (2018ರಿಂದ ಇದು ಸ್ವರಾಜ್ ದ್ವೀಪ. ಜೆಟ್ಟಿಯಲ್ಲಿ ಮಾತ್ರ ಎಲ್ಲರೂ ಹ್ಯಾವ್‌ಲಾಕ್ ಅಂತಲೇ ಕೂಗ್ತಾರೆ.)

ಗುರುವಾರ ಮಧ್ಯಾಹ್ನ ಒಂದಕ್ಕೆ ಪೋರ್ಟ್ ಬ್ಲೇರಿಂದ ವಿಮಾನ. ನಮ್ಮನೆಯವರ ಲೆಕ್ಕ: ಬುಧವಾರ ಮಧ್ಯಾಹ್ನ ಹುಡುಗನ ಸ್ಕೂಬಾ (ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿ ಕಡಲೊಳಗೆ ಮುಳುಗೋದು), ಸಂಜೆ ರಾಧಾನಗರ ಬೀಚಲ್ಲಿ ಸೂರ್ಯಾಸ್ತ, ಗುರುವಾರ ಬೆಳಗಿನ ಹಡಗು, ನೇರ ಏರ್‌ಪೋರ್ಟು. ಆ ಸೂರ್ಯಾಸ್ತ ನನ್ನ ಬೇಡಿಕೆ, ಒಪ್ಕೋತೀನಿ. ಆದರೂ ಎದೆ ಡವಡವ ಅಂತಿದೆ. ಸ್ಕೂಬಾ ಮಾಡಿದ ಮಾರನೇ ದಿನ ವಿಮಾನ ಹತ್ತಬಾರದು ಅಂತಾರಲ್ಲ, ನಿಜವೇ?

ಇನ್ನೊಂದು. ರೆಸಾರ್ಟ್ ಮುಂದಿನ ನೀರು ಬೆಳಿಗ್ಗೆ ಹೋದರೆ ಗಂಟೆಗಟ್ಟಲೆ ನಾಪತ್ತೆ, ಬರೀ ಕಲ್ಲು. ಒಗೆದ ಬಟ್ಟೆ ಒಣಗ್ತಿಲ್ಲ, ಚಟ್ನಿಪುಡಿ ಡಬ್ಬ ಖಾಲಿ. ಈಗ ಆ ಡಬ್ಬದ ತುಂಬ ಕಪ್ಪೆಚಿಪ್ಪು. ಎಳನೀರಿಗೆ ದಿನಾ ದುಡ್ಡು ಕೊಡ್ತಿದ್ದೀನಿ ಅಂತ ಊರಲ್ಲಿ ಯಾರಿಗೂ ಹೇಳಬೇಡಿ.

ನೀರೊಳಗೆ_ನಾನು:
ಮೇಡಂ, ಸ್ಕೂಬಾ ಲೆಕ್ಕ ಸರಿಯಾಗೇ ಇದೆ. ಒಂದೇ ಡೈವ್ ಆದರೆ ವಿಮಾನಕ್ಕೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ ಕನಿಷ್ಠ 18 ಗಂಟೆ ಅಂತರ ಬೇಕು. ನೀರಿನ ಒತ್ತಡದಲ್ಲಿ ಉಸಿರಾಡಿದಾಗ ಮೈಯೊಳಗೆ ಹೆಚ್ಚಿಗೆ ನೈಟ್ರೋಜನ್ ಸೇರಿರುತ್ತೆ, ಅದು ನಿಧಾನಕ್ಕೆ ಹೊರಗೆ ಹೋಗಬೇಕು. ವಿಮಾನ ಎಷ್ಟೇ ಮೇಲೆ ಹಾರಲಿ, ಒಳಗಿನ ಗಾಳಿಯ ಒತ್ತಡ ಸುಮಾರು 6,000–8,000 ಅಡಿ ಎತ್ತರದ್ದು. ಅಂದರೆ ಮುಳ್ಳಯ್ಯನಗಿರಿ ತುದಿಗೋ ಇನ್ನೂ ಮೇಲಕ್ಕೋ ಹತ್ತಿದ ಹಾಗೆ. ಸಮಯ ಕೊಡದೆ ಹತ್ತಿದರೆ ರಕ್ತದಲ್ಲಿ ಗುಳ್ಳೆ ಏಳಬಹುದು. ಹುಡುಗನಿಗೆ ನೆಗಡಿ ಇದ್ದರೆ ಮಾತ್ರ ನೀರಿಗಿಳಿಸಲೇಬೇಡಿ, ಕಿವಿಗೆ ಪೆಟ್ಟಾಗಬಹುದು.

ಕಾರವಾರ_ಕಡಲು:
ಅಕ್ಕಾ, ಸ್ಕೂಬಾ ಬಿಡಿ, ಹಡಗಿನ ಲೆಕ್ಕ ತಪ್ಪಿದೆ. ಕಡಲು ಕೆಟ್ಟರೆ ಹಡಗು ನಿಲ್ಲಿಸ್ತಾರೆ, ಅದನ್ನ ನಿಮ್ಮ ಟಿಕೆಟ್ ಕೇಳಲ್ಲ. ಹೋದ ವರ್ಷ ನಾನೂ ಇದೇ ಜಾಣತನ ಮಾಡಿದ್ದೆ. ಬೆಳಗಿನ ಹಡಗು ರದ್ದು, ಮಧ್ಯಾಹ್ನದ್ದು ಭರ್ತಿ, ವಿಮಾನ ನಮ್ಮ ತಲೆಮೇಲೇ ಹಾರಿಹೋಯ್ತು. ಮೂರು ಹೊಸ ಟಿಕೆಟ್, ಹೆಂಡತಿ ಇವತ್ತಿಗೂ ಲೆಕ್ಕ ಕೇಳ್ತಾಳೆ. ಬುಧವಾರ ಮಧ್ಯಾಹ್ನದ ಹಡಗು ಹಿಡಿದು ರಾತ್ರಿ ಪೋರ್ಟ್ ಬ್ಲೇರಲ್ಲಿ ಮಲಗಿ. ಹುಡುಗನ ಸ್ಕೂಬಾ ಮಂಗಳವಾರ ಬೆಳಿಗ್ಗೆಗೆ ಹಾಕಿಸಿ.

ನೀರು ನಾಪತ್ತೆ ಆಗಿಲ್ಲ, ಇಳಿತ ಅಷ್ಟೆ. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗ್ತದೆ. ಇವತ್ತು ತುಂಬಿದ ಹೊತ್ತು ಬರೆದಿಟ್ಟುಕೊಂಡು ನಾಳೆ ಅದಕ್ಕೆ ಸೇರಿಸಿ.

ಚಿಪ್ಪಿನ ಡಬ್ಬ ದಡದಲ್ಲೇ ಖಾಲಿ ಮಾಡಿ. ಅದರಲ್ಲಿ ಹವಳದ ಚೂರು ಇದ್ದರಂತೂ 1972ರ ವನ್ಯಜೀವಿ ಕಾಯಿದೆ ಇದೆ, ಏರ್‌ಪೋರ್ಟಲ್ಲಿ ಬ್ಯಾಗು ಬಿಚ್ಚಿಸ್ತಾರೆ.

ಬಯಲುಸೀಮೆ_ಬಸವ:
ಸೂರ್ಯಾಸ್ತ ಮಂಗಳವಾರವೇ ನೋಡಿ, ಅದೇ ಸೂರ್ಯ. ಐದು ಗಂಟೆಯೊಳಗೆ ಹೋಗಿ ಕೂತಿರಿ, ಚಳಿಗಾಲದಲ್ಲಿ ಅಲ್ಲಿ ಐದೂವರೆಗೆಲ್ಲ ಕತ್ತಲೆ. ಗಡಿಯಾರ ನಮ್ಮದು, ಆಕಾಶ ಬರ್ಮಾದ್ದು. ಬುಧವಾರ ಬೇಗ ಎದ್ದರೆ ಕಾಲಾಪತ್ಥರ್‌ನಲ್ಲಿ ಸೂರ್ಯೋದಯ ಸಿಗುತ್ತೆ, ಅದು ಪೂರ್ವದ ದಡ.

ತಿಪಟೂರು_ತೆಂಗು:
ಕಾರವಾರದ ಅಣ್ಣನ ಕಥೆ ಜೋರಾಗಿ ಓದಿ ಹೇಳಿದೆ. "ಮೂರು ಹೊಸ ಟಿಕೆಟ್" ಅನ್ನೋವಾಗಲೇ ನಮ್ಮನೆಯವರು ಫೋನ್ ತೆಗೆದು ಬುಧವಾರದ ಹಡಗು ಮಾಡಿಸಿದರು.

ರಾಧಾನಗರ ನಿನ್ನೆ ಆಯ್ತು. ಮೋಡ ಬಂದು ಸೂರ್ಯ ಅರ್ಧಕ್ಕೇ ಮಾಯ. ನಾನು ಅಂಡಮಾನಿಗೆ ಬಂದ ದಿನದಿಂದ ಕಾದಿದ್ದು ಅದಕ್ಕೇ. ಸ್ವಲ್ಪ ಅಳು ಬಂತು, ಉಪ್ಪುನೀರು ಅಂತ ಸುಳ್ಳು ಹೇಳಿದೆ.

ಇವತ್ತು ಬೆಳಿಗ್ಗೆ ಕಾಲಾಪತ್ಥರ್‌ನಲ್ಲಿ ಚಟ್ನಿಪುಡಿ ಡಬ್ಬ ಬೋರಲು ಹಾಕಿದೆ. ಖಾಲಿ ಚಿಪ್ಪು ಅಂತ ಆರಿಸಿದ್ದರಲ್ಲಿ ಎರಡು ಚಿಪ್ಪು ಏಡಿಕಾಲು ಚಾಚಿ ಎದ್ದು, ಸರಸರ ಕಡಲ ಕಡೆ ನಡೆದುಬಿಟ್ಟವು. ರಾತ್ರಿಯಿಡೀ ಬ್ಯಾಡಗಿ ಮೆಣಸಿನ ಘಾಟಲ್ಲಿ ಕೂತಿದ್ದವು, ಪಾಪ.