ಅಪ್ಪನ ಮಂಡಿಗೆ 26 ಇಂಚು ಬೇಕು, ವಿಮಾನದ ಸೀಟು 31 ಅಂತಾರೆ. ಸಾಕಾಗುತ್ತದಾ?

ಬಟವಾಡಿ ಟೈಲರ್, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಬಟವಾಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಬ್ಲೌಸು, ಚೂಡಿದಾರ್, ಜೂನ್ ಬಂದರೆ ಸ್ಕೂಲ್ ಯೂನಿಫಾರಂ. ವಿಮಾನದ ವಿಷಯ ಅಷ್ಟಾಗಿ ಗೊತ್ತಿಲ್ಲ, ಅಳತೆ ಗೊತ್ತು. ಅದಕ್ಕೇ ಅಳತೆ ಹಿಡಿದುಕೊಂಡೇ ಕೇಳುತ್ತಿದ್ದೇನೆ.

ನನ್ನ ತಮ್ಮ ಫ್ರಾಂಕ್‌ಫರ್ಟ್ ಹತ್ತಿರ ಕೆಲಸದಲ್ಲಿದ್ದಾನೆ. ಅವನಿಗೆ ಮಗಳು ಹುಟ್ಟಿ ಏಳು ತಿಂಗಳಾಯಿತು. ಅಪ್ಪ ಮೊಮ್ಮಗಳನ್ನು ಇನ್ನೂ ಫೋನಿನಲ್ಲೇ ನೋಡುತ್ತಿದ್ದಾರೆ. ಬೆಂಗಳೂರಿನಿಂದ ನೇರ ವಿಮಾನ, ಸುಮಾರು 10 ಗಂಟೆ. ಅಪ್ಪನಿಗೆ 71 ವರ್ಷ, ಆರಡಿ ಆಳು, ತೂಕ 92 ಕೆಜಿ. ಗುಬ್ಬಿ ಹತ್ತಿರ ತೋಟ ಮಾಡಿಕೊಂಡಿದ್ದವರು. ಈಗ ಬಲಗಡೆ ಮಂಡಿ ಪೂರ್ತಿ ಮಡಚಲು ಬರುವುದಿಲ್ಲ.

ಎರಡು ವರ್ಷದ ಹಿಂದೆ ಕಾಶಿಗೆ ವಿಮಾನದಲ್ಲಿ ಕರೆದುಕೊಂಡು ಹೋಗಿದ್ದೆ. ಎರಡೂವರೆ ಗಂಟೆ ಅಷ್ಟೇ. ಅಷ್ಟು ಹೊತ್ತೂ ಅಪ್ಪನ ಮಂಡಿ ಮುಂದಿನ ಸೀಟಿನ ಬೆನ್ನಿಗೆ ಒತ್ತಿಕೊಂಡೇ ಇತ್ತು. ಮುಂದೆ ಕೂತವರು ಸ್ವಲ್ಪ ಅಲ್ಲಾಡಿದರೂ ಅಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬಾಯಿಬಿಟ್ಟು ಒಂದು ಮಾತು ಹೇಳಲಿಲ್ಲ. ರೂಮಿಗೆ ಹೋಗಿ ಪಂಚೆ ಸರಿಸಿ ನೋಡಿದರೆ ಮಂಡಿಚಿಪ್ಪಿನ ಮೇಲೆ ಅಡ್ಡಕ್ಕೆ ಕೆಂಪು ಗೆರೆ. ಲಂಗದ ಲಾಡಿ ಬಿಗಿಯಾದರೆ ಸೊಂಟದಲ್ಲಿ ಬೀಳುತ್ತದಲ್ಲ, ಅಂಥದ್ದು. ಅದು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಹೋದ ಭಾನುವಾರ ಅಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿ, ಬೆನ್ನು ಗೋಡೆಗೆ ತಾಗಿಸಿ ಟೇಪು ಹಿಡಿದೆ. ಗೋಡೆಯಿಂದ ಮಂಡಿ ತುದಿಗೆ 26 ಇಂಚು. ಕೂತಾಗ ಸೊಂಟದ ಅಗಲ 16. ಈ ತೋಳಿನಿಂದ ಆ ತೋಳಿಗೆ 21.

ಟಿಕೆಟ್ ನೋಡಿದರೆ ಎಕಾನಮಿಯಲ್ಲಿ 'ಪಿಚ್' 31 ಇಂಚು, ಅಗಲ 17. ಪ್ರೀಮಿಯಂ ಎಕಾನಮಿಯಲ್ಲಿ 38, ಅಗಲ 19. ಹೋಗಿ ಬರಲು ಒಬ್ಬರಿಗೆ 62 ಸಾವಿರ ಜಾಸ್ತಿ. 31ರಲ್ಲಿ 26 ಕಳೆದರೆ 5 ಇಂಚು ಸಡಿಲ ಸಿಗಬೇಕು ಅಲ್ವಾ? ಹಾಗಾದರೆ ಕಾಶಿಗೆ ಹೋಗುವಾಗ ಯಾಕೆ ಒತ್ತಿತು?

ಚಿಂತಾಮಣಿಯವನು

ಅಕ್ಕ, ನಾನು ಬೆಂಗಳೂರಿನಲ್ಲಿ ವಿಮಾನದ ಸೀಟುಗಳ ಡ್ರಾಯಿಂಗ್ ಕೆಲಸ ಮಾಡುತ್ತೇನೆ, ಒಂಬತ್ತು ವರ್ಷವಾಯಿತು. ಇಷ್ಟು ಸರಿಯಾಗಿ ಅಳೆದು ಕೇಳಿದವರನ್ನು ನಾನು ನೋಡಿಲ್ಲ.

ಲೆಕ್ಕ ತಪ್ಪಿದ್ದು ಒಂದೇ ಕಡೆ. ಪಿಚ್ ಅಂದರೆ ಕಾಲಿಗೆ ಸಿಗುವ ಜಾಗ ಅಲ್ಲ. ಒಂದು ಸೀಟಿನ ಯಾವುದೋ ಒಂದು ಜಾಗದಿಂದ ಮುಂದಿನ ಸೀಟಿನ ಅದೇ ಜಾಗಕ್ಕೆ ಇರುವ ದೂರ. ಅದರಲ್ಲಿ ಸೀಟಿನ ಬೆನ್ನಿನ ದಪ್ಪವೂ ಸೇರಿದೆ. ನಮ್ಮ ದೇಶದೊಳಗಿನ ಸಣ್ಣ ವಿಮಾನಗಳಲ್ಲಿ ಪಿಚ್ 28ರಿಂದ 30 ಇರುವುದೇ ಜಾಸ್ತಿ. ನೀವು ಹೋಗಿದ್ದು 28ರದ್ದು ಅಂದುಕೊಳ್ಳಿ. ಬೆನ್ನು ಎರಡೇ ಇಂಚು ದಪ್ಪ ಅಂದರೂ ಉಳಿಯುವುದು 26. ಅಪ್ಪನಿಗೆ ಕೂದಲೆಳೆಯಷ್ಟೂ ಜಾಗ ಉಳಿಯಲಿಲ್ಲ. ಹಳೇ ದಪ್ಪ ಸೀಟಾಗಿದ್ದರೆ ಇನ್ನೂ ಕಷ್ಟ.

ಈಗಿನ ತೆಳು ಸೀಟುಗಳಲ್ಲಿ ಪತ್ರಿಕೆ ಇಡುವ ಜೇಬನ್ನು ಊಟದ ಟ್ರೇ ಮೇಲಕ್ಕೆ ತಂದಿರುತ್ತಾರೆ. ಮಂಡಿಯ ಹತ್ತಿರ ಒಂದೆರಡು ಇಂಚು ಉಳಿಯಲಿ ಅಂತ. ಆದರೆ ಸ್ಪಂಜೂ ತೆಳ್ಳಗಾಗಿರುತ್ತದೆ. ಎರಡು ಗಂಟೆಗೆ ಪರವಾಗಿಲ್ಲ, ಹತ್ತು ಗಂಟೆಗೆ ಬೆನ್ನುಮೂಳೆಗೆ ಒಳಗಿನ ಫ್ರೇಮ್ ತಗಲುತ್ತದೆ. ಎಷ್ಟು ಬೇಕಾದರೂ ತೆಳ್ಳಗೆ ಮಾಡಲೂ ಬರುವುದಿಲ್ಲ. 1988ರಲ್ಲಿ ಅಮೆರಿಕದವರು ತಂದ ನಿಯಮದ ಪ್ರಕಾರ ಹೊಸ ವಿನ್ಯಾಸದ ವಿಮಾನಗಳ ಸೀಟು 16 ಜಿ ಹೊಡೆತ ತಡೆಯಬೇಕು. ಅಂದರೆ ಕೂತವರ ತೂಕದ 16 ಪಟ್ಟು. ಪರೀಕ್ಷೆಯ ಬೊಂಬೆ ಕೂರಿಸಿ, ಗಾಡಿಯ ಮೇಲಿಟ್ಟು ಗುದ್ದಿಸಿ ನೋಡುತ್ತಾರೆ.

ಇನ್ನೊಂದು ವಿಷಯ. ವಿಮಾನದ ನೆಲದಲ್ಲಿ ಉದ್ದಕ್ಕೂ ಹಳಿ ಇರುತ್ತದೆ. ಅದರಲ್ಲಿ ಇಂಚಿಗೊಂದು ತೂತು. ಸೀಟನ್ನು ಎಲ್ಲಿಗೆ ಕೂರಿಸಬೇಕು ಅನ್ನುವುದು ಕಂಪನಿಯ ಇಷ್ಟ. ಕಿಟಕಿ ಮಾತ್ರ ಇದ್ದಲ್ಲೇ ಇರುತ್ತದೆ. ಅದಕ್ಕೇ ಎಷ್ಟೋ ಸಲ ಕಿಟಕಿ ಸೀಟು ಅಂತ ದುಡ್ಡು ಕೊಟ್ಟು ಗೋಡೆ ನೋಡುತ್ತಾ ಕೂರುತ್ತೇವೆ.

ಅಗಲದ ಬಗ್ಗೆ: ವಿಮಾನ ಯಾವುದು ಅಂತ ಟಿಕೆಟ್ ಮಾಡುವಾಗಲೇ ನೋಡಿ. ಏರ್‌ಬಸ್ ಎ350ಯಲ್ಲಿ ಸಾಲಿಗೆ 9 ಸೀಟಿದ್ದರೆ ಒಂದೊಂದು ಸುಮಾರು 18 ಇಂಚು. ಬೋಯಿಂಗ್ 787ರಲ್ಲಿ ಅದೇ 9 ಸೀಟಿಗೆ ಸುಮಾರು 17. ಬೋಯಿಂಗ್ 777 ಪ್ರಯಾಣಿಕರನ್ನು ಕರೆದೊಯ್ಯಲು ಶುರು ಮಾಡಿದ್ದು 1995ರಲ್ಲಿ, ಆಗ ಸಾಲಿಗೆ 9 ಸೀಟು ಹಾಕುತ್ತಿದ್ದರು. ಈಗ ಎಷ್ಟೋ ಕಂಪನಿಗಳು ಅದೇ ಅಗಲದಲ್ಲಿ 10 ಕೂರಿಸುತ್ತವೆ. ಅಪ್ಪನ ತೋಳಿನ ಅಗಲ 21 ಅಂದಿರಿ. ನಡುವಿನ ಸೀಟು ಮಾತ್ರ ಬೇಡವೇ ಬೇಡ.

ಬಟವಾಡಿ ಟೈಲರ್, ತುಮಕೂರು

ಅಯ್ಯೋ, ಈಗ ಅರ್ಥವಾಯಿತು ತಮ್ಮಾ. ಶರ್ಟಿಗೆ ಗುಂಡಿಯಿಂದ ಗುಂಡಿಗೆ ಗುರುತು ಹಾಕಿದ ಹಾಗೆ. ಗುಂಡಿ ದೊಡ್ಡದಾದರೆ ನಡುವಿನ ಬಟ್ಟೆ ಕಡಿಮೆಯಾಗುತ್ತದೆ, ಅಳತೆ ಮಾತ್ರ ಅದೇ ಇರುತ್ತದೆ. ನಾನು ಗಿರಾಕಿಗೆ ಹೀಗೆ ಅಳತೆ ಹೇಳಿದರೆ ಅವರು ಮತ್ತೆ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ. ಕೂರುವವರಿಗೆ ಎಷ್ಟು ಜಾಗ ಸಿಗುತ್ತದೆ ಅಂತ ಬರೆದರೆ ಆಗದಾ?

ತುರ್ತು ಬಾಗಿಲ ಹತ್ತಿರದ ಸಾಲಿನಲ್ಲಿ ಕಾಲು ಚಾಚಬಹುದಂತೆ. ಅದನ್ನೇ ಕೇಳಲಾ?

ಶಿಡ್ಲಘಟ್ಟ

ನಾನು ನಮ್ಮ ತಂದೆಯನ್ನು ಒಂದು ಕಡೆಗೆ ಬಿಸಿನೆಸ್ ಕ್ಲಾಸಿನಲ್ಲಿ ಕಳಿಸಿದ್ದೆ. ಪೂರ್ತಿ ಹಾಸಿಗೆಯಾಗುವ ಸೀಟು, ಚೆನ್ನಾಗಿ ನಿದ್ದೆ ಮಾಡಿದರು. ಆದರೆ ಅವರೂ ಎತ್ತರದ ಆಳು. ಪಾದ ಇಡುವ ತುದಿ ಗೂಡಿನ ಹಾಗೆ ಕಿರಿದಾಗಿತ್ತು, ಮಗ್ಗುಲು ಬದಲಾಯಿಸುವಾಗ ಎಚ್ಚರವಾಗುತ್ತಿತ್ತು ಅಂದರು. ಆ ದುಡ್ಡಿಗೆ ಹೋಲಿಸಿದರೆ ನಿಮಗೆ ಪ್ರೀಮಿಯಂ ಸಾಕು ಮೇಡಂ.

ಬಂಗಾರಪೇಟೆ ಸಿಸ್ಟರ್

ತುರ್ತು ಬಾಗಿಲ ಸಾಲು ಕೇಳಬೇಡಮ್ಮ. ಅಲ್ಲಿ ಕೂತವರು ಅವಘಡದಲ್ಲಿ ಬಾಗಿಲು ತೆಗೆದು ಬೇರೆಯವರಿಗೆ ನೆರವಾಗಬೇಕು. ಮಂಡಿ ಮಡಚದವರನ್ನು ಕೂರಿಸುವುದೇ ಇಲ್ಲ. ಎಲ್ಲಕ್ಕಿಂತ ಮುಂದಿನ ಗೋಡೆ ಸಾಲೂ ಅಷ್ಟೇನೂ ಒಳ್ಳೆಯದಲ್ಲ. ಟ್ರೇ ಸೀಟಿನ ಕೈಯೊಳಗೆ ಇರುತ್ತದೆ, ಆ ಕೈ ಮೇಲೆತ್ತಲು ಬರುವುದಿಲ್ಲ. ಗೋಡೆ ಅಡ್ಡ ಇದ್ದರೆ ಕಾಲು ಚಾಚುವುದೆಲ್ಲಿಗೆ?

ನಾನು ಕೋಲಾರದಲ್ಲಿ 31 ವರ್ಷ ನರ್ಸ್ ಆಗಿದ್ದೆ. ಈಗ ವರ್ಷಕ್ಕೊಮ್ಮೆ ಮಗಳ ಮನೆಗೆ ಹೋಗಿ ಬರುತ್ತೇನೆ. ನನಗೂ ಮಂಡಿನೋವಿದೆ. ನಾನು ಕಂಡುಕೊಂಡದ್ದು ಹೇಳುತ್ತೇನೆ.

ಅಪ್ಪನಿಗೆ ನೋವಿರುವುದು ಬಲಗಾಲು. ಓಡಾಡುವ ದಾರಿ ಅವರ ಬಲಕ್ಕೆ ಬರಬೇಕು. ಎ ಅಂದರೆ ಎಡಗಡೆ ಕಿಟಕಿ, ಸಿ ಅಂದರೆ ಅದೇ ಗುಂಪಿನಲ್ಲಿ ದಾರಿ ಪಕ್ಕದ ಸೀಟು. ಸಿ ಹಿಡಿ, ನಕ್ಷೆಯಲ್ಲಿ ಒಂದು ಸಲ ನೋಡಿಕೋ. ಊಟದ ಗಾಡಿ ಬರುವಾಗ ಮಾತ್ರ ಕಾಲು ಒಳಗೆ ಎಳೆದುಕೊಳ್ಳಲಿ. ದಾರಿ ಪಕ್ಕದ ಸೀಟಿನ ಕೈ ಅಲ್ಲಾಡುವುದಿಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಷ್ಟೋ ಸೀಟಿನಲ್ಲಿ ಅದರ ತಳದಲ್ಲಿ, ಹಿಂದೆ ಕೀಲಿನ ಹತ್ತಿರ, ಬೆರಳಿಗೆ ಸಿಗುವ ಗುಂಡಿಯೊಂದಿರುತ್ತದೆ. ಒತ್ತಿದರೆ ಕೈ ಮೇಲೇಳುತ್ತದೆ. ಹಾಗೇ ಪಕ್ಕಕ್ಕೆ ತಿರುಗಿ ಎದ್ದು ನಿಲ್ಲಬಹುದು, ಮಂಡಿ ಮಡಚುವ ಕೆಲಸವೇ ಇಲ್ಲ. ನನಗೆ ಗಗನಸಖಿಯೊಬ್ಬಳು ತೋರಿಸಿಕೊಟ್ಟಳು. ಪುಣ್ಯಾತ್ಗಿತ್ತಿ, ಇವತ್ತಿಗೂ ನೆನೆಯುತ್ತೇನೆ.

ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತಿನ ಪ್ರಯಾಣದಲ್ಲಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಅಪಾಯ ಚಿಕ್ಕದೇ, ಆದರೂ ಗಂಟೆಗೊಮ್ಮೆ ಎಬ್ಬಿಸಿ ನಡೆಸು. ಬಿಗಿ ಕಾಲುಚೀಲ ಬೇಕಾ ಅಂತ ಡಾಕ್ಟರನ್ನೇ ಕೇಳು, ಸುಮ್ನೆ ಅಂಗಡಿಯಿಂದ ತರಬೇಡ. ವಿಮಾನದೊಳಗಿನ ಗಾಳಿಯೂ ತೆಳು. ನಂದಿ ಬೆಟ್ಟ 4,850 ಅಡಿ. 787, ಎ350 ಒಳಗೆ ಸುಮಾರು 6,000 ಅಡಿ ಎತ್ತರದಲ್ಲಿ ಕೂತ ಹಾಗೆ, ಹಳೇ ವಿಮಾನಗಳಲ್ಲಿ 8,000 ಅಡಿವರೆಗೂ ಹೋಗುತ್ತದೆ. ಗಾಳಿ ಒಣಗಿರುತ್ತದೆ, ಕೂತಲ್ಲೇ ಕೂತರೆ ಪಾದ ಊದುತ್ತದೆ. ಬೂಟು ಬೇಡ, ಸಡಿಲ ಚಪ್ಪಲಿ ಹಾಕಿಸು. ವೀಲ್‌ಚೇರ್ ಬೇಕು ಅಂತ 48 ಗಂಟೆ ಮೊದಲೇ ಹೇಳಿರು. ಅಪ್ಪ ಬೇಡ ಅಂತಾರೆ. ಕೇಳಬೇಡ.

ಬಟವಾಡಿ ಟೈಲರ್, ತುಮಕೂರು

ಅಕ್ಕ, ಆ ಗುಂಡಿ ವಿಷಯ ಓದಿ ಅಪ್ಪನಿಗೆ ಎರಡು ಸಲ ಹೇಳಿದೆ.

ನಿನ್ನೆ ಅಂಗಡಿ ಮುಚ್ಚಿದ ಮೇಲೆ ಒಂದು ಕೆಲಸ ಮಾಡಿದೆ. ಗೋಡೆಗೆ ಸ್ಟೂಲ್ ಹಾಕಿ, ಗೋಡೆಯಿಂದ 29 ಇಂಚಿಗೆ ನಿಲುವುಗನ್ನಡಿ ನಿಲ್ಲಿಸಿ, ಅದಕ್ಕೆ ರಟ್ಟು ಕಟ್ಟಿದೆ. 31ರ ಪಿಚ್, ಎರಡು ಇಂಚು ಬೆನ್ನು. ಅಪ್ಪ ಕೂತರು. ಮೂರು ಇಂಚು ಸಡಿಲ ಸಿಕ್ಕಿತು. ಇಷ್ಟೇ ಸಾಕಮ್ಮ, ಸುಮ್ನೆ ಯಾಕೆ ದುಡ್ಡು ಅಂದರು. ವಾರ್ತೆ ಮುಗಿಯುವ ಹೊತ್ತಿಗೆ ಬಲಗಾಲನ್ನು ಮೆಲ್ಲಗೆ ರಟ್ಟಿನ ಪಕ್ಕಕ್ಕೆ ಹೊರಗೆ ಹಾಕಿದ್ದರು. ಅರ್ಧ ಗಂಟೆಯೂ ಆಗಿರಲಿಲ್ಲ. ಅಲ್ಲಿಗೆ ನನಗೆ ಉತ್ತರ ಸಿಕ್ಕಿತು.

ಪ್ರೀಮಿಯಂನಲ್ಲೇ ಮಾಡಿಸಿದೆ, ಎರಡೂ ಕಡೆಗೆ, ಸಿ ಸೀಟು. ಪಕ್ಕದ್ದು ನನ್ನದು. ಚೀಟಿ ದುಡ್ಡು ಬಂದಿತ್ತು. ವೀಲ್‌ಚೇರಿಗೂ ಬರೆಸಿದ್ದೇನೆ, ಅಪ್ಪನಿಗೆ ಇನ್ನೂ ಹೇಳಿಲ್ಲ.

ಈಗ ಪಾಪುಗೆ ಕುಲಾವಿ ಹೊಲಿಯುತ್ತಿದ್ದೇನೆ. ತಲೆ ಸುತ್ತಳತೆ ಕಳಿಸು ಅಂತ ತಮ್ಮನಿಗೆ ಹೇಳಿದ್ದೆ. 17 ಇಂಚು.