ಸುಗಂಧ ತೈಲದ ಬಾಟ್ಲಿ ಮನಿಗೆ ಬಂದಾವ, ಹ್ಯಾಂಗ ಬಳಸೋದ್ರಿ?

ಪ್ರಶ್ನೆ (ನಮ್ಮ ಮೆಸೇಜ್ ಗುಂಪಿನ ಸದಸ್ಯೆ, ಗೃಹಿಣಿ, ವಿಜಯಪುರ): ಅಕ್ಕಾರ, ನಮಸ್ಕಾರ್ರಿ. ನಮ್ಮ ತಂಗಿ ಪುಣೆದಿಂದ ಬರುವಾಗ ನಾಕು ಸಣ್ಣ ಬಾಟ್ಲಿ ತಂದಾಳ. ಲ್ಯಾವೆಂಡರ್, ಪೆಪ್ಪರ್‌ಮಿಂಟ್, ಟೀ ಟ್ರೀ, ನೀಲಗಿರಿ. ‘ಅರೋಮಾಥೆರಪಿ ಅಂತಾರ, ಹಚ್ಚಿ ನೋಡು’ ಅಂತ ಹೇಳಿ ಹೋದ್ಲು. ನಮ್ಮ ಅತ್ತಿಯವ್ರಿಗೆ ಮಣಕಾಲ ಬ್ಯಾನಿ, ನನಗ ರಾತ್ರಿ ನಿದ್ದಿ ಹತ್ತೂದಿಲ್ಲ. ನಿನ್ನೆ ಪೆಪ್ಪರ್‌ಮಿಂಟ್ ಹಂಗ ಕೈಯಾಗ ಸುರುವಿ ಮಣಕಾಲಿಗೆ ತಿಕ್ಕಿದೆ. ಅತ್ತಿ ‘ಉರಿ ಉರಿ’ ಅಂತ ಎದ್ದು ಕೂತ್ರು. ಇದೆಂಥಾ ಎಣ್ಣಿರಿ?

ಉತ್ತರ (ಅರೋಮಾಥೆರಪಿಸ್ಟ್, ಬೆಳಗಾವಿ): ತಂಗಿ, ಮೊದಲು ಅತ್ತಿಯವರ ಕಾಲಿನ ಮಾತು. ಇನ್ನೂ ಉರಿ ಇದ್ದರೆ ಹತ್ತಿಯಲ್ಲಿ ಕುಸುಬಿ ಎಣ್ಣೆ ಅದ್ದಿ ಒರೆಸ್ರಿ, ಆಮೇಲೆ ಸಾಬೂನು ಹಚ್ಚಿ ತೊಳೀರಿ. ಬರೀ ನೀರು ಹಾಕಿದರೆ ಅದು ಕರಗುವುದಿಲ್ಲ.

ನಾವು ಇದಕ್ಕೆ ‘ಎಣ್ಣೆ’ ಅನ್ನುವುದರಿಂದಲೇ ಅರ್ಧ ತೊಂದರೆ ಆಗುತ್ತದೆ. ಎಣ್ಣೆ ಅಂದ ಕೂಡಲೇ ನಮ್ಮ ಕೈ ಅಂಗೈ ತುಂಬ ಸುರುವಿಕೊಳ್ಳುತ್ತದೆ. ಕುಸುಬಿ, ಎಳ್ಳು, ಕೊಬ್ಬರಿ ಎಣ್ಣೆಯಲ್ಲಿ ಇರುವುದು ಕೊಬ್ಬು. ಕಾಗದದ ಮೇಲೆ ಹನಿ ಬಿಟ್ಟರೆ ಜಿಡ್ಡಿನ ಕಲೆ ಉಳಿಯುತ್ತದೆ. ಲ್ಯಾವೆಂಡರ್ ಹನಿ ಬಿಟ್ಟು ನೋಡ್ರಿ, ಸ್ವಲ್ಪ ಹೊತ್ತಿನಲ್ಲಿ ಹಾರಿಹೋಗುತ್ತದೆ. ಇದು ಹೂವು, ಎಲೆ, ತೊಗಟೆ, ಬೇರಿನಲ್ಲಿ ಇರುವ, ಗಾಳಿಗೆ ಹಾರುವ ಸಾರ. ಗಿಡಕ್ಕೆ ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿದಾಗ ನೀರಿನಿಂದ ಬೇರೆಯಾಗಿ ನಿಲ್ಲುವುದನ್ನು ತೆಗೆದುಕೊಳ್ಳುತ್ತಾರೆ. ಒಂದು ಕಿಲೋ ಗುಲಾಬಿ ತೈಲಕ್ಕೆ 3,000 ಕಿಲೋಗಿಂತ ಹೆಚ್ಚು ಪಕಳೆ ಬೇಕು. ಲ್ಯಾವೆಂಡರ್ ಆದರೆ ನೂರು ಕಿಲೋ ಮೇಲೆ. ಅಷ್ಟು ಗಿಡ ಒಂದು ಹನಿಯೊಳಗೆ ಕೂತಿರುತ್ತದೆ ಅಂತ ತಿಳಕೊಂಡರೆ ಕೈ ತಾನಾಗಿಯೇ ಹಿಡಿತಕ್ಕೆ ಬರುತ್ತದೆ.

ಇಂಥ ತೈಲಗಳಿಂದ ಆರೈಕೆ ಮಾಡುವ ಪದ್ಧತಿಗೆ ‘ಅರೋಮಾಥೆರಪಿ’ ಅನ್ನುವ ಹೆಸರು ಕೊಟ್ಟವನು ಗಾಟ್‌ಫೊಸೆ ಅನ್ನುವ ಫ್ರಾನ್ಸಿನ ರಸಾಯನಶಾಸ್ತ್ರಜ್ಞ. 1937ರಲ್ಲಿ ಆ ಹೆಸರಿನ ಪುಸ್ತಕವನ್ನೇ ಬರೆದ. 1910ರಲ್ಲಿ ಪ್ರಯೋಗಾಲಯದಲ್ಲಿ ಸುಟ್ಟ ಕೈಗೆ ಲ್ಯಾವೆಂಡರ್ ಬಳಸಿದ್ದ, ಅಲ್ಲಿಂದ ಅವನ ಆಸಕ್ತಿ ಬೆಳೆಯಿತು. ಹೆಸರು ಹೊಸದು, ಸುಗಂಧ ನಮಗೆ ಹೊಸದಲ್ಲ. ನಿಮ್ಮ ವಿಜಯಪುರದಲ್ಲೇ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಸುಗಂಧ ತಯಾರಿಸುವ ಬಗ್ಗೆ ಪಾರ್ಸಿಯಲ್ಲಿ ಗ್ರಂಥವೇ ಆಗಿತ್ತು. ಗೋಳಗುಮ್ಮಟ ಕಟ್ಟಿಸಿದ ಮಹಮ್ಮದ ಆದಿಲ್‌ಶಾಹನ ತಂದೆ ಅವನು. ನನಗೆ ಇದನ್ನು ಹೇಳುವಾಗೆಲ್ಲ ಹೆಮ್ಮೆ ಅನಿಸುತ್ತದೆ.

ಈಗ ನಿಮ್ಮ ನಿದ್ದಿ. ಲ್ಯಾವೆಂಡರ್ 2 ಹನಿ ಕರವಸ್ತ್ರಕ್ಕೆ ಹಾಕಿ ದಿಂಬಿನ ಪಕ್ಕ ಇಡ್ರಿ, ಮೈಗೆ ಹಚ್ಚುವುದು ಬೇಡ. ವಾಸನೆಯ ನರಗಳು ಮಿದುಳಿನಲ್ಲಿ ನೆನಪು, ಭಯ, ಸಮಾಧಾನಗಳ ಜಾಗಕ್ಕೆ ತೀರ ಹತ್ತಿರದ ದಾರಿಯಲ್ಲಿ ಹೋಗುತ್ತವೆ. ಅದಕ್ಕೇ ಮೊದಲ ಮಳೆಯ ಮಣ್ಣಿನ ವಾಸನೆಗೆ ತವರುಮನೆ ಕಣ್ಣ ಮುಂದೆ ಬರುತ್ತದೆ. ಲ್ಯಾವೆಂಡರಿನಿಂದ ಮನಸ್ಸು ಸಡಿಲಾಗುತ್ತದೆ ಅನ್ನುವುದನ್ನು ನನ್ನ ಹತ್ತಿರ ಬಂದ ಬಹಳ ಮಂದಿಯಲ್ಲಿ ಕಂಡಿದ್ದೇನೆ. ಆದರೆ ತಿಂಗಳುಗಟ್ಟಲೆ ನಿದ್ದಿ ಇಲ್ಲ ಅಂದರೆ ಡಾಕ್ಟರ ಹತ್ತಿರ ಹೋಗಬೇಕು, ಕರವಸ್ತ್ರ ಹಿಡಕೊಂಡು ಕೂಡಬೇಡ್ರಿ.

ಅದೇ ಸದಸ್ಯೆ: ಹಂಗಾದ್ರ ಅತ್ತಿ ಮಣಕಾಲಿಗೆ ಎಷ್ಟು ಹನಿರಿ?

ಉತ್ತರ: 20 ಹನಿ ಸುಮಾರು 1 ಮಿಲಿ. ಎರಡು ದೊಡ್ಡ ಚಮಚ, ಅಂದರೆ 30 ಮಿಲಿ ಗಾಣದ ಕುಸುಬಿ ಅಥವಾ ಎಳ್ಳೆಣ್ಣೆಗೆ 6 ಹನಿ ಹಾಕಿದರೆ ಶೇ. 1 ಆಗುತ್ತದೆ, 12 ಹಾಕಿದರೆ ಶೇ. 2. ಅತ್ತಿಯವರಿಗೆ ಮೊದಲು 6 ಸಾಕು. ಮೊಣಕೈ ಒಳಮಡಿಕೆಯಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ಬಿಡ್ರಿ, ಕೆಂಪಾಗದಿದ್ದರೆ ಮುಂದುವರಿಸ್ರಿ. ಪೆಪ್ಪರ್‌ಮಿಂಟಿನ ಮೆಂಥಾಲ್ ಚರ್ಮದಲ್ಲಿ ತಂಪು ಗುರುತಿಸುವ ನರಗಳನ್ನು ಎಬ್ಬಿಸುತ್ತದೆ, ಅದಕ್ಕೇ ನೋವು ಹಿಂದೆ ಸರಿದ ಹಾಗೆ ಅನಿಸುತ್ತದೆ. ಸವೆದ ಕೀಲು ಮತ್ತೆ ಬೆಳೆಯುವುದಿಲ್ಲ. ಆದರೆ ಸಂಜೆ ಹತ್ತು ನಿಮಿಷ ಸೊಸಿ ಕೂತು ಕಾಲು ತಿಕ್ಕಿದರೆ ಆಗುವ ಸುಖವನ್ನೂ ನಾನು ಕಡಿಮೆ ಅನ್ನುವುದಿಲ್ಲ.

ಬಕೆಟ್ ನೀರಿಗೆ ಹನಿ ಹಾಕಿ ಜಳಕ ಮಾಡುವುದೂ ಬೇಡ. ನೀರಿನ ಮೇಲೆ ತೇಲಿ ನೇರ ಮೈಗೇ ಹತ್ತುತ್ತದೆ.

ಪ್ರಶ್ನೆ (ನಿಂಬೆ ಬೆಳೆಗಾರ, ಇಂಡಿ): ಮೇಡಂ, ನಮ್ಮ ಕಡೆ ನಿಂಬಿಗೇನ್ ಬರ ಇಲ್ರಿ. ಸಿಪ್ಪಿಯಿಂದ ತಗದ ತೈಲ ಮುಖಕ್ಕ ಹಚ್ಚಿದ್ರ ಕಲಿ ಹೋಗ್ತಾವಂತ ಮಗಳು ತರಿಸ್ಯಾಳ. ಹಚ್ಚಬಹುದಾ?

ಉತ್ತರ: ಅಣ್ಣಾರ, ಹಚ್ಚಗೊಡಬೇಡ್ರಿ, ಅದರಲ್ಲೂ ನಿಮ್ಮ ಬಿಸಿಲಿನಲ್ಲಿ. ಸಿಪ್ಪೆ ಹಿಂಡಿ ತೆಗೆದ ನಿಂಬೆ ತೈಲದಲ್ಲಿ ಫ್ಯೂರೊಕೂಮರಿನ್ ಅನ್ನುವ ವಸ್ತುಗಳಿವೆ. ಚರ್ಮದ ಮೇಲೆ ಇವು ಇದ್ದಾಗ ಬಿಸಿಲು ಬಿದ್ದರೆ ಸುಟ್ಟ ಹಾಗೆ ಗುಳ್ಳೆ ಏಳುತ್ತವೆ, ಆಮೇಲೆ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಕಲೆ ಹೋಗಲಿ ಅಂತ ಹಚ್ಚಿದ್ದು ಕಲೆಯನ್ನೇ ತರುತ್ತದೆ. ಹಬೆಯಿಂದ ತೆಗೆದ ನಿಂಬೆ ತೈಲದಲ್ಲಿ ಈ ತೊಂದರೆ ಇಲ್ಲ, ಆದರೆ ಬಾಟ್ಲಿ ಮೇಲೆ ಹೇಗೆ ತೆಗೆದದ್ದು ಅಂತ ಬರೆದಿರಬೇಕು. ನಿಮ್ಮ ಮನೆಯಲ್ಲಿರುವುದನ್ನು ನೆಲ ಒರೆಸುವ ನೀರಿಗೆ ಹಾಕ್ರಿ, ಮನೆ ಘಮ್ ಅನ್ನುತ್ತದೆ. ಥರ್ಮಾಕೋಲ್ ಮೇಲೆ ಮಾತ್ರ ಬೀಳಿಸಬೇಡ್ರಿ, ಕರಗಿ ತೂತು ಬೀಳುತ್ತದೆ. ಮಗಳಿಗೆ ಅದನ್ನೇ ಒಂದು ಸಲ ತೋರಿಸ್ರಿ, ಮುಖಕ್ಕೆ ಹಚ್ಚುವ ಆಸೆ ಹೋಗುತ್ತದೆ.

ಪ್ರಶ್ನೆ (ಜಮಖಂಡಿ): ಅಕ್ಕಾ, ನಮ್ಮ ಕೂಸಿಗೆ 8 ತಿಂಗಳು. ಮೂಗು ಕಟ್ಟೈತಿ. ಅಜ್ಜಿ ನೀಲಗಿರಿ ಎಣ್ಣಿಗೆ ಕರ್ಪೂರ ಹಾಕಿ ಮೂಗಿನ ಹತ್ರ ಹಚ್ಚು ಅಂತಾರ. ನಾವೆಲ್ಲಾ ಹಂಗ ಬೆಳದೇವಿ ಅಂತಾರ.

ಉತ್ತರ: ತಮ್ಮಾ, ಈ ಉತ್ತರವನ್ನು ಮನೆಯವರಿಗೆಲ್ಲ ಓದಿ ಹೇಳು. ಹಚ್ಚಬೇಡ್ರಿ. ಕರ್ಪೂರ, ಮೆಂಥಾಲ್, ನೀಲಗಿರಿಯ ಸಿನಿಯೋಲ್, ಇವು ಕೂಸಿನ ಮೂಗಿನ ಹತ್ತಿರ ಬಂದರೆ ಗಂಟಲು ಬಿಗಿದು ಉಸಿರು ನಿಲ್ಲುವ ಅಪಾಯ ಇದೆ. ಕರ್ಪೂರ, ನೀಲಗಿರಿಗೆ ಫಿಟ್ಸ್ ಬರಿಸುವ ಗುಣವೂ ಇದೆ. ದೊಡ್ಡವರಲ್ಲೂ ಇದು ಆಗುತ್ತದೆ ಅಂತ ಬೆಂಗಳೂರಿನ ನರರೋಗ ತಜ್ಞರೇ ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ಫಿಟ್ಸ್ ಇರುವವರು ಈ ಎರಡರ ಹತ್ತಿರ ಹೋಗಲೇಬಾರದು.

ನಮ್ಮ ಅಣ್ಣನ ಮಗ ಎರಡು ವರ್ಷದವನಿದ್ದಾಗ ಕಟ್ಟೆ ಮೇಲೆ ಇಟ್ಟಿದ್ದ ನೀಲಗಿರಿ ಬಾಟ್ಲಿ ಬಾಯಿಗೆ ಹಾಕಿಕೊಂಡಿದ್ದ. ಹತ್ತಿಪ್ಪತ್ತು ನಿಮಿಷದಲ್ಲಿ ಕಣ್ಣು ಮೇಲೆ ಮಾಡಿದ. ಆಸ್ಪತ್ರೆಯಲ್ಲಿ ಎರಡು ರಾತ್ರಿ ಕಳೆದು ಉಳಿದ. ಆ ಬಾಟ್ಲಿ ನಾನೇ ಕೊಟ್ಟಿದ್ದು, ಮುಚ್ಚಳ ಬಿಗಿ ಮಾಡಿ ಮೇಲೆ ಇಡ್ರಿ ಅಂತ ಒಂದು ಮಾತು ಹೇಳಿರಲಿಲ್ಲ. ಅವತ್ತಿನಿಂದ ಯಾರಿಗೆ ಬಾಟ್ಲಿ ಕೊಟ್ಟರೂ ಆ ಮಾತು ಹೇಳದೆ ಕೊಡುವುದಿಲ್ಲ. ಮಕ್ಕಳು ನುಂಗಿದರೆ ವಾಂತಿ ಮಾಡಿಸಬೇಡ್ರಿ, ಬಾಟ್ಲಿ ಸಮೇತ ಆಸ್ಪತ್ರೆಗೆ ಓಡ್ರಿ.

ಕೂಸಿಗೆ ಈಗ ಔಷಧ ಅಂಗಡಿಯ ಉಪ್ಪುನೀರಿನ ಮೂಗಿನ ಹನಿ ಸಾಕು. ಹಾಲು ಕುಡಿಯದಿದ್ದರೆ, ಎದೆ ಸೆಳೆಯುತ್ತಿದ್ದರೆ ಇವತ್ತೇ ಮಕ್ಕಳ ಡಾಕ್ಟರಿಗೆ ತೋರಿಸ್ರಿ. ಅಜ್ಜಿಗೆ ಬೇಜಾರಾಗದ ಹಾಗೆ ಹೇಳು, ಅವರ ಪ್ರೀತಿ ದೊಡ್ಡದು.

ಪ್ರಶ್ನೆ (ಮುಧೋಳ): ನಮ್ಮ ಬೇಟೆನಾಯಿಗೆ ಉಣ್ಣಿ ಆಗ್ಯಾವ. ಟೀ ಟ್ರೀ ಹಚ್ಚಲೇನ್ರಿ?

ಉತ್ತರ: ಬೇಡ. ನಾಯಿಗೆ ಅದು ವಿಷ. ನಡುಗುತ್ತದೆ, ಹಿಂಗಾಲು ಸೋತು ತೂರಾಡುತ್ತದೆ. ಬೆಕ್ಕಿಗಂತೂ ಇನ್ನೂ ಕೆಟ್ಟದ್ದು. ಪಶು ಆಸ್ಪತ್ರೆಯಲ್ಲಿ ಕೇಳ್ರಿ.

ಪ್ರಶ್ನೆ (ಬೆಳಗಾವಿ): ಅಸಲಿ ಯಾವುದು ಅಂತ ಹೆಂಗ ಗೊತ್ತಾಗ್ತದರಿ?

ಉತ್ತರ: ಗಿಡದ ಲ್ಯಾಟಿನ್ ಹೆಸರು, ಯಾವ ಭಾಗ, ಎಲ್ಲಿ ಬೆಳೆದದ್ದು, ಬ್ಯಾಚ್ ನಂಬರು, ಇವು ಚೀಟಿಯ ಮೇಲೆ ಇರಬೇಕು. ‘ಫ್ರಾಗ್ರನ್ಸ್ ಆಯಿಲ್’ ಅಂತಿದ್ದರೆ ಅದು ಬರೀ ವಾಸನೆ. ‘ಥೆರಪ್ಯೂಟಿಕ್ ಗ್ರೇಡ್’ ಅನ್ನುವುದು ಕಂಪನಿಗಳೇ ಕಟ್ಟಿದ ಮಾತು, ಸರ್ಕಾರ ಕೊಡುವ ದರ್ಜೆ ಅಲ್ಲ. ಎಲ್ಲ ಬಾಟ್ಲಿಗೂ ಒಂದೇ ರೇಟು ಇದ್ದರೆ ಅಂಗಡಿಯಿಂದ ಎದ್ದು ಬರ್ರಿ. ಗಂಧದ ತೈಲ, ಮಜ್ಜಿಗೆ ಹುಲ್ಲಿನ ತೈಲ ಎರಡಕ್ಕೂ ಒಂದೇ ಬೆಲೆ ಹೇಗೆ ಬರುತ್ತದೆ?

ವಿಜಯಪುರದ ಸದಸ್ಯೆ: ಅಕ್ಕಾರ, ಕುಸುಬಿ ಎಣ್ಣಿ ಕಲಸಿ ಹಚ್ಚಿದೆ, ಅತ್ತಿ ಉರಿ ಅನಲಿಲ್ಲ. ಬಿಪಿ ಗುಳಿಗಿ ಬಿಟ್ಟು ಇದನ್ನ ನೋಡೋಣು ಅಂತಾರ. ಬಾಟ್ಲಿ ಈಗ ದೇವರ ಜಗಲಿ ಮ್ಯಾಲ, ದೀಪದೆಣ್ಣಿ ಬಾಜು ಇಟ್ಟೀನಿ.

ಉತ್ತರ: ಗುಳಿಗಿ ಒಂದು ದಿನವೂ ಬಿಡಬಾರದು ಅಂತ ನನ್ನ ಹೆಸರು ಹೇಳಿ ಹೇಳ್ರಿ. ಬಾಟ್ಲಿ ಮಾತ್ರ ಈ ಮೆಸೇಜ್ ಓದಿದ ಕೂಡಲೇ ಅಲ್ಲಿಂದ ತೆಗೀರಿ. ಈ ತೈಲ ಬೆಂಕಿ ಬೇಗ ಹಿಡಿಯುತ್ತದೆ, ನಸುಕಿನಲ್ಲಿ ಯಾರಾದರೂ ದೀಪಕ್ಕೆ ಸುರುವಿದರೆ ಭಗ್ ಅನ್ನುತ್ತದೆ. ಕಪ್ಪು ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿ ಮಾಡಿ, ತಂಪು ಕೋಣೆಯ ಕಪಾಟಿನ ಮೇಲಿನ ಖಾನೆಯಲ್ಲಿ ಇಡ್ರಿ. ಬಾಟ್ಲಿ ಮೊದಲು ತೆರೆದ ತಾರೀಖು ಅದರ ಮೇಲೆ ಬರೀರಿ. ಟೀ ಟ್ರೀ ವರ್ಷದೊಳಗೆ ಮುಗಿಸಬೇಕು, ಹಳೆಯದಾದರೆ ಚರ್ಮಕ್ಕೆ ತುರಿಕೆ ತರುತ್ತದೆ. ತೆಗೆದಿಟ್ಟ ಮೇಲೆ ಇಲ್ಲೇ ಒಂದು ಮಾತು ಹಾಕ್ರಿ, ನನಗೆ ಸಮಾಧಾನ.

ವಿಜಯಪುರದ ಸದಸ್ಯೆ: ತಗದೆ ಅಕ್ಕಾರ. ಕಪಾಟಿನ್ಯಾಗ ಮ್ಯಾಲ ಇಟ್ಟು ಕೀಲಿ ಹಾಕೀನಿ.