ಪದಚರ್ಚೆ: ಕಾರ್ಬನ್ ಆಫ್‌ಸೆಟ್‌ಗೆ ‘ಪರಿಹಾರ’ ಎನ್ನಬಹುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಕಾಡು, ಜೌಗುನೆಲ, ಮ್ಯಾಂಗ್ರೋವ್ ತೋಪುಗಳನ್ನು ಉಳಿಸಲು ಹಣ ಎಲ್ಲಿಂದ, ಹೇಗೆ ಬರುತ್ತದೆ ಎಂಬುದನ್ನು ವಿವರಿಸುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರನೆಯ ಪುಟದಲ್ಲೇ ನಿಂತುಬಿಟ್ಟೆ. ಕರಡಿನಲ್ಲಿ ನಾನು ಬರೆದಿದ್ದ ವಾಕ್ಯ ಇದು: ‘ಪ್ರಕೃತಿ ಆಧಾರಿತ ಪರಿಹಾರಗಳಿಗೆ ಇಂಗಾಲ ಪರಿಹಾರದಿಂದ ಹಣ ಬರುತ್ತದೆ, ಹವಾಮಾನ ನಷ್ಟಕ್ಕೆ ಸಿಗುವ ಪರಿಹಾರ ಇದಲ್ಲ.’ ಮೂರು ಸಲ ಪರಿಹಾರ, ಮೂರು ಬೇರೆ ಅರ್ಥ. ಮೊದಲನೆಯದು ಸಮಸ್ಯೆಗೆ ಕಂಡುಕೊಂಡ ದಾರಿ. ಎರಡನೆಯದು ಆಫ್‌ಸೆಟ್, ಅಂದರೆ ಒಂದೆಡೆ ಬಿಟ್ಟ ಹೊಗೆಗೆ ಇನ್ನೊಂದೆಡೆ ಲೆಕ್ಕ ಹೊಂದಿಸುವುದು. ಮೂರನೆಯದು ನೊಂದವರ ಕೈಗೆ ಸೇರುವ ಹಣ.

ಮೊದಲನೆಯದನ್ನು ಹಾಗೆಯೇ ಬಿಡಬಹುದು, ಅದು ಆಗಲೇ ಬಳಕೆಯಲ್ಲಿದೆ. 2022ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಭೆ ಈ ಪರಿಕಲ್ಪನೆಗೆ ಒಂದು ವ್ಯಾಖ್ಯೆಯನ್ನೂ ಒಪ್ಪಿತು: ಜೀವಿವ್ಯವಸ್ಥೆಗಳನ್ನು ಕಾಪಾಡಿ, ಪುನಶ್ಚೇತನಗೊಳಿಸಿ, ಸುಸ್ಥಿರವಾಗಿ ನಿರ್ವಹಿಸುವ ಕೆಲಸ, ಅದರಿಂದ ಜನರಿಗೂ ಜೀವವೈವಿಧ್ಯಕ್ಕೂ ಒಳಿತಾಗಬೇಕು. ಒಂದೇ ಜಾತಿಯ ಮರಗಳನ್ನು ಸಾಲಾಗಿ ನೆಟ್ಟ ಮಾತ್ರಕ್ಕೆ ಅದು ಈ ಹೆಸರಿಗೆ ಅರ್ಹವಾಗುವುದಿಲ್ಲ.

ನನ್ನ ತಕರಾರಿರುವುದು ಎರಡನೆಯದರ ಬಗ್ಗೆ. ಪರಿಹರಿಸು ಎಂದರೆ ನೀಗಿಸು, ಇಲ್ಲವಾಗಿಸು. ದೋಷಪರಿಹಾರ, ಪಾಪಪರಿಹಾರ ಎನ್ನುವಾಗ ಇರುವುದೂ ಇದೇ ಅರ್ಥ. ಆಫ್‌ಸೆಟ್ ಹಾಗೆ ಯಾವುದನ್ನೂ ಇಲ್ಲವಾಗಿಸುವುದಿಲ್ಲ. ಕಲ್ಲಿದ್ದಲು ಉರಿದು ಗಾಳಿಗೆ ಸೇರಿದ ಅನಿಲವನ್ನು ಯಾರೂ ಹಿಂದಕ್ಕೆ ಹೆಕ್ಕಿ ತೆಗೆಯುವುದಿಲ್ಲ. ಬೇರೆಲ್ಲೋ ಒಂದು ಕಾಡು ಅಷ್ಟನ್ನೇ ಹೀರಿಕೊಂಡಿತೆಂದೋ, ಕಡಿಯಬಹುದಾಗಿದ್ದ ಮರಗಳು ಉಳಿದವೆಂದೋ ಲೆಕ್ಕ ತೋರಿಸಲಾಗುತ್ತದೆ. ಆ ಲೆಕ್ಕ ನಿಜವೇ ಎಂಬುದರ ಮೇಲೆಯೇ ಜಗತ್ತಿನಲ್ಲಿ ದೊಡ್ಡ ವಾದ ನಡೆದಿರುವಾಗ, ‘ಇಂಗಾಲ ಪರಿಹಾರ’ ಎಂಬ ಪದ ವಾದಕ್ಕೆ ಮೊದಲೇ ತೀರ್ಪು ಕೊಟ್ಟುಬಿಡುತ್ತದೆ. ಇದು ನನಗೆ ಒಪ್ಪಿಗೆಯಿಲ್ಲ.

‘ಸರಿದೂಗಿಸುವಿಕೆ’ ಎಂದು ಕೆಲವರು ಬರೆಯುತ್ತಾರೆ. ಕಿವಿಗೆ ಹಿತವಾದ ಪದ. ಆದರೆ ಅದರೊಳಗೆ ತಕ್ಕಡಿ ಇದೆ: ಎರಡು ತಟ್ಟೆಗಳೂ ಸಮನಾಗಿ ನಿಂತವೆಂಬ ಭರವಸೆ ಇದೆ. ಕೋಟ್ಯಂತರ ವರ್ಷ ನೆಲದಡಿ ಹುದುಗಿದ್ದ ಇಂಗಾಲ ಒಂದು ತಟ್ಟೆಯಲ್ಲಿ, ಮುಂದಿನ ಬೇಸಿಗೆಯ ಕಾಳ್ಗಿಚ್ಚಿಗೆ ಬಲಿಯಾಗಬಹುದಾದ ಮರದ ಇಂಗಾಲ ಇನ್ನೊಂದರಲ್ಲಿ. ಇವು ಸಮವೆಂದು ನಿಯಮ ಮಾಡಿದವರೇ ನಂಬಿರಲಿಲ್ಲ. ತಡೆದ ಅಥವಾ ಹೀರಿದ ಅನಿಲದ ಲೆಕ್ಕಕ್ಕೆ ಸಿಗುವ, ಮಾರಬಹುದಾದ ಪ್ರಮಾಣಪತ್ರವೇ ಕ್ರೆಡಿಟ್. ಹೊರಸೂಸುವಿಕೆ ತಗ್ಗಿಸಲು ದೇಶಗಳು ಮಾಡಿಕೊಂಡ ಕ್ಯೋಟೋ ಒಪ್ಪಂದದಲ್ಲಿ, ಅಭಿವೃದ್ಧಿಶೀಲ ದೇಶಗಳ ಯೋಜನೆಗಳಿಗೆ ಕ್ರೆಡಿಟ್ ಕೊಡುವ ಶುದ್ಧ ಅಭಿವೃದ್ಧಿ ವ್ಯವಸ್ಥೆ ಎಂಬ ಏರ್ಪಾಡಿತ್ತು. ಅದರಲ್ಲಿ ಅರಣ್ಯೀಕರಣ ಯೋಜನೆಗಳಿಗೆ ಕೊಡುತ್ತಿದ್ದದ್ದು ಅವಧಿ ಮುಗಿಯುವ ಕ್ರೆಡಿಟ್‌ಗಳನ್ನು. ಮುಗಿದ ಮೇಲೆ ಕೊಂಡವರು ಬೇರೆಯದನ್ನು ತಂದು ತುಂಬಬೇಕಿತ್ತು. ಕಾನೂನಿನ ಒತ್ತಾಯವಿಲ್ಲದೆ ಕಂಪನಿಗಳು ತಾವಾಗಿ ಕ್ರೆಡಿಟ್ ಕೊಳ್ಳುವ ಸ್ವಯಂಪ್ರೇರಿತ ಮಾರುಕಟ್ಟೆಯಲ್ಲಿ ಬೆಂಕಿಯೋ ಬಿರುಗಾಳಿಯೋ ಬಂದೀತೆಂದು ಅರಣ್ಯ ಯೋಜನೆಗಳ ಕ್ರೆಡಿಟ್‌ಗಳಲ್ಲಿ ಒಂದು ಪಾಲನ್ನು ಮಾರದೆ ತೆಗೆದಿಡುತ್ತಾರೆ. ಈ ಪಾಲಿಗೆ ‘ಆಪದ್ಧನ’ ಎಂದು ಬರೆದಿದ್ದೇನೆ. ಹಣವಲ್ಲದ್ದಕ್ಕೆ ಧನವೆನ್ನಬಹುದೇ ಎಂದು ಯಾರಾದರೂ ಕೇಳಿದರೆ, ಕಷ್ಟಕಾಲಕ್ಕೆ ಕೂಡಿಟ್ಟದ್ದು ಎಂಬ ಭಾವವೇ ಇಲ್ಲಿ ಮುಖ್ಯ ಎನ್ನುತ್ತೇನೆ.

ನನಗೆ ಹೊಳೆದ ಪದ ‘ಮುರಿದುಕೊಳ್ಳು’. ‘ಸಾಲಕ್ಕೆ ಮುರಿದುಕೊಂಡರು’, ‘ಸಂಬಳದಲ್ಲಿ ಮುರಿದುಕೊಂಡರು’ ಎನ್ನುತ್ತೇವಲ್ಲ, ಅದು. ಬಾಕಿಯೊಂದಿದೆ, ಇನ್ನೊಂದು ಬಾಬ್ತಿನಿಂದ ಅದಕ್ಕೆ ವಜಾ ಹಾಕಿಕೊಂಡರು ಎಂದಷ್ಟೇ ಅದು ಹೇಳುತ್ತದೆ. ಬಾಕಿ ನ್ಯಾಯವಾಗಿ ತೀರಿತೆಂದು ಹೇಳುವುದಿಲ್ಲ. ‘ಕಂಪನಿ ತನ್ನ ಹೊರಸೂಸುವಿಕೆಗೆ ಹತ್ತು ಸಾವಿರ ಕ್ರೆಡಿಟ್‌ಗಳನ್ನು ಮುರಿದುಕೊಂಡಿತು’ ಎಂಬ ವಾಕ್ಯ ನನಗೆ ಪ್ರಾಮಾಣಿಕವಾಗಿ ಕಾಣುತ್ತದೆ. ತೊಡಕು ನಾಮಪದದ್ದು. ‘ಮುರಿತ’ ಎಂದರೆ ಮೂಳೆ ನೆನಪಾಗುತ್ತದೆ. ಕಾಡಿನ ವಿಷಯದಲ್ಲಂತೂ ಕೊಂಬೆ ಮುರಿದ ಸದ್ದೇ ಕೇಳಿಸುತ್ತದೆ.

ಕ್ರೆಡಿಟ್ ಎಂಬುದನ್ನು ‘ಇಂಗಾಲ ಸಾಲ’ ಎಂದು ಅನುವಾದಿಸಿದ್ದನ್ನು ಒಂದೆರಡು ಕಡೆ ಕಂಡಿದ್ದೇನೆ. ಅದು ಅರ್ಥವನ್ನೇ ತಲೆಕೆಳಗು ಮಾಡುತ್ತದೆ. ಜಮೆ-ಖರ್ಚಿನ ಪುಸ್ತಕದಲ್ಲಿ ಕ್ರೆಡಿಟ್ ಎಂದರೆ ಜಮೆ. ‘ಇಂಗಾಲ ಜಮೆ’ ಎಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲವನ್ನು ತಡೆದದ್ದಕ್ಕೆ ಅಥವಾ ಹೀರಿಕೊಂಡದ್ದಕ್ಕೆ ಬರೆದುಕೊಂಡ ಲೆಕ್ಕ. ಇಲ್ಲಿ ಎಚ್ಚರಿಕೆ ಬೇಕು: ಟನ್ ಇಂಗಾಲವೇ ಬೇರೆ, ಟನ್ ಡೈಆಕ್ಸೈಡೇ ಬೇರೆ. ಒಂದು ಟನ್ ಇಂಗಾಲ ಪೂರ್ತಿ ಉರಿದರೆ ಸುಮಾರು 3.67 ಟನ್ ಡೈಆಕ್ಸೈಡ್ ಆಗುತ್ತದೆ. ಇನ್ನು ಕ್ರೆಡಿಟ್ಟನ್ನು ಬಳಸಿ, ಮತ್ತೆ ಮಾರಲಾಗದಂತೆ ನೋಂದಣಿ ಪುಸ್ತಕದಲ್ಲಿ ಮುಚ್ಚಿಹಾಕುವುದಕ್ಕೆ ‘ನಿವೃತ್ತಿ’ ಎಂಬ ಪದ ಓಡಾಡುತ್ತಿದೆ. ಜಮೆ ಎಂದ ಮೇಲೆ ‘ಖರ್ಚು ಹಾಕು’ ಎಂಬುದು ತಾನಾಗಿ ಒದಗುತ್ತದೆ. ಜಮೆಯಾಯಿತು, ಮಾರಾಟವಾಯಿತು, ಖರ್ಚು ಬಿತ್ತು. ಲೆಕ್ಕ ಬರೆದು ರೂಢಿಯಿರುವ ಯಾರಿಗೂ ವಿವರಣೆ ಬೇಡ.

ಲೀಕೇಜ್ ಎಂಬುದಕ್ಕೆ ಬಳಸುವ ‘ಸೋರಿಕೆ’ಯನ್ನು ಬಿಡಬೇಕೆಂದಿದ್ದೇನೆ, ಕೊಳವೆಯಿಂದ ಅನಿಲ ಸೋರಿದಂತೆ ತೋರುತ್ತದೆ. ಇಲ್ಲಿ ಹೇಳಬೇಕಾದದ್ದು ಈ ಕಾಡನ್ನು ಕಾದರೆ ಕೊಡಲಿ ಪಕ್ಕದ ಕಾಡಿಗೆ ಹೋಗುತ್ತದೆ ಎಂಬುದು. ‘ನಾಶದ ಸ್ಥಳಾಂತರ’ ಸಾಕು. ಅಡಿಷನಾಲಿಟಿ ಎಂಬುದಕ್ಕೆ ‘ಹೆಚ್ಚುವರಿತನ’ವೂ ಬೇಡ; ‘ಈ ಹಣ ಬಾರದಿದ್ದರೆ ಆಗುತ್ತಿರಲಿಲ್ಲ’ ಎಂದು ಬಿಡಿಸಿ ಬರೆಯುತ್ತೇನೆ, ಉದ್ದವಾದರೂ ಸರಿ.

ಮಣ್ಣು ಮರಗಳಲ್ಲಿ ಇಂಗಾಲ ಸೇರಿಕೊಳ್ಳುವುದಕ್ಕೆ ‘ಇಂಗಿಸು’ ಎಂಬ ಪದದ ಮೇಲೆ ನನಗೆ ಬಹಳ ಮೋಹ. ‘ಇಂಗಾಲ ಇಂಗಿತು’ ಎನ್ನಲು ನಾಲಿಗೆಗೇ ಸಂತೋಷ. ಎರಡಕ್ಕೂ ನಂಟೇನೂ ಇಲ್ಲ: ಇಂಗಾಲ ಬಂದದ್ದು ಅಂಗಾರದ ಕಡೆಯಿಂದ, ಇಂಗು ನಮ್ಮದೇ ಕ್ರಿಯಾಪದ. ಆದರೆ ಇಂಗಿದ ನೀರು ಇನ್ನೊಂದು ಕಡೆ ಒರತೆಯಾಗಿ ಹೊರಬರುವುದನ್ನೇ ನಾವು ಬಯಸುತ್ತೇವೆ, ಇಂಗಾಲ ಹೊರಬರಲೇಬಾರದು. ಹಾಗಾಗಿ ಮನಸ್ಸಿಲ್ಲದ ಮನಸ್ಸಿನಿಂದ ‘ಹಿಡಿದಿಡು’ ಎಂದು ಬರೆದಿದ್ದೇನೆ. ಯಾರಾದರೂ ‘ಇಂಗಿಸು’ವಿನ ಪರವಾಗಿ ಗಟ್ಟಿ ಕಾರಣ ಕೊಟ್ಟರೆ ಸಂತೋಷದಿಂದ ಬದಲಿಸುತ್ತೇನೆ.

ಕೊನೆಯದಾಗಿ, ಕ್ಲೈಮೇಟ್ ಫೈನಾನ್ಸ್ ಎಂಬುದಕ್ಕೆ ಬಳಸುವ ‘ಹವಾಮಾನ ನೆರವು’. ಅಜರ್‌ಬೈಜಾನಿನ ಬಾಕುವಿನಲ್ಲಿ 2024ರಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮಾವೇಶ, ಅಭಿವೃದ್ಧಿಶೀಲ ದೇಶಗಳಿಗೆ 2035ರ ಹೊತ್ತಿಗೆ ವರ್ಷಕ್ಕೆ 300 ಶತಕೋಟಿ ಡಾಲರ್ ಒದಗಿಸುವ ಗುರಿ ಇಟ್ಟಿತು. ಈವರೆಗೆ ಸರ್ಕಾರಗಳು ಹೀಗೆ ಕೊಟ್ಟ ಹಣದಲ್ಲಿ ಸಾಲದ ಪಾಲೇ ದೊಡ್ಡದು. ತೀರಿಸಬೇಕಾದ ಸಾಲವನ್ನು ನೆರವೆಂದು ಕರೆಯಲು ನನ್ನ ಕೈ ಬರುವುದಿಲ್ಲ. ‘ಹವಾಮಾನ ಹಣಕಾಸು’ ಎಂದು ಉಳಿಸಿಕೊಂಡು, ದಾನವೋ ಸಾಲವೋ ಹೂಡಿಕೆಯೋ ಎಂದು ಆಯಾ ಕಡೆ ಬಿಡಿಸಿ ಹೇಳುತ್ತಿದ್ದೇನೆ.

ನಿಮ್ಮಲ್ಲಿ ಕೇಳುವುದು ಮುಖ್ಯವಾಗಿ ಒಂದೇ. ‘ಮುರಿದುಕೊಳ್ಳು’ ಎಂಬುದಕ್ಕೆ ಮೂಳೆಯನ್ನೂ ಕೊಂಬೆಯನ್ನೂ ನೆನಪಿಸದ ನಾಮಪದ ನಿಮ್ಮ ಕಡೆಯ ಲೆಕ್ಕಪತ್ರಗಳಲ್ಲಿ, ಹಳೆಯ ಕಡತಗಳಲ್ಲಿ, ಅಂಗಡಿಯವರ ಬಾಯಲ್ಲಿ ಇದೆಯೇ? ಬಳಕೆಯ ವಾಕ್ಯದೊಡನೆ ಬರೆದು ತಿಳಿಸಿದರೆ ಉಪಕಾರವಾಗುತ್ತದೆ.